ಹತ್ತು ಗಜದ ಆಚೆ

ಅಮೆರಿಕನ್ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೆ ಕೆಲಸ ಹೆಚ್ಚು, ಕೈಗಿಂತ ಕಾಗದಕ್ಕೆ ಹೆಚ್ಚು. ಪಿಎಚ್.ಡಿ.ಗೆಂದು ಹ್ಯೂಸ್ಟನ್ನಿಗೆ ಬಂದ ಮೊದಲ ವರ್ಷ ಈ ಆಟದ ಮೇಲೆ ನನಗಿದ್ದ ದೂರು ಅದೇ. ಯಾರು ಎಷ್ಟು ಗಜ ಓಡಬೇಕು, ಎಲ್ಲಿ ತಿರುಗಬೇಕು ಎಂಬುದನ್ನೆಲ್ಲ ಮೊದಲೇ ಗೆರೆ ಎಳೆದು ಬರೆದಿಟ್ಟಿರುತ್ತಾರೆ. ಕಬಡ್ಡಿ ನೋಡಿ ಬೆಳೆದ ನನಗೆ ಇದು ಆಟಕ್ಕಿಂತ ಹೆಚ್ಚಾಗಿ ತಾಲ್ಲೂಕು ಕಚೇರಿಯ ಕಡತದ ಹಾಗೆ ಕಾಣುತ್ತಿತ್ತು.

ನನ್ನ ರೂಮ್‌ಮೇಟ್ ಇಲ್ಲಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಸಂಜೆ ರಿಸೀವರ್‌ಗಳ ಕೋಚ್. ರಿಸೀವರ್ ಎಂದರೆ ಎಸೆದ ಚೆಂಡನ್ನು ಓಡಿ ಹಿಡಿಯುವವನು. ಅಭ್ಯಾಸದಲ್ಲಿ ಎದುರಾಳಿಯಾಗಿ ಸುಮ್ಮನೆ ನಿಲ್ಲಲು ಅವನಿಗೊಂದು ಆಳು ಬೇಕಿತ್ತು. ಮಳೆನೀರು ಹರಿಯುವ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಹಾಕಿ ಹಾಕಿ ಬೆನ್ನು ಹಿಡಿದುಕೊಂಡಿದ್ದ ನಾನು ಒಪ್ಪಿಕೊಂಡೆ. ಅವರು ಆಡುತ್ತಿದ್ದುದು ರನ್ ಅಂಡ್ ಶೂಟ್. ನನ್ನ ದೂರು ಪೂರ್ತಿ ನಿಜವಲ್ಲ ಎಂದು ಗೊತ್ತಾಗಿದ್ದು ಅಲ್ಲಿ.

ಇದನ್ನು ಶುರುಮಾಡಿದವರು ಓಹಾಯೊದ ಮಿಡಲ್‌ಟೌನ್ ಹೈಸ್ಕೂಲಿನ ಕೋಚ್ ಗ್ಲೆನ್ ಎಲಿಸನ್. ಎಲ್ಲರೂ ಕರೆಯುತ್ತಿದ್ದುದು ಟೈಗರ್ ಎಂದು. 1958ರಲ್ಲಿ ಅವರ ತಂಡ ಒಂದೇ ಸಮನೆ ಸೋಲುತ್ತಿತ್ತು. ಮೈದಾನದಲ್ಲಿ ತಮ್ಮ ಪಾಡಿಗೆ ಓಡಾಡಿ, ಚೆಂಡು ಎಸೆದು ಆಡುವ ಹುಡುಗರನ್ನು ನೋಡಿ ಅವರಿಗೆ ದಾರಿ ಹೊಳೆಯಿತಂತೆ. 1965ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದರು. ಆ ಯೋಚನೆಯನ್ನು ಓರೆಗಾನ್‌ನಲ್ಲಿ ಬೆಳೆಸಿದವರು ಮೌಸ್ ಡೇವಿಸ್. ಹುಲಿಯಿಂದ ಇಲಿಗೆ ಬಂದ ವಿದ್ಯೆ ಎಂದು ರೂಮ್‌ಮೇಟ್ ನಗುತ್ತಾನೆ. ಮುಂದೆ ಹ್ಯೂಸ್ಟನ್ ಇದರ ತವರೇ ಆಯಿತು. 1989ರಲ್ಲಿ ಇಲ್ಲಿನ ವಿಶ್ವವಿದ್ಯಾಲಯದ ತಂಡ ಒಂದೇ ಪಂದ್ಯದಲ್ಲಿ 95 ಅಂಕ ಗಳಿಸಿತು. ಇದೇ ಊರಿನ ವೃತ್ತಿಪರ ತಂಡ ಆಯ್ಲರ್ಸ್ 1993ರ ಜನವರಿ 3ರಂದು ಬಫಲೋದಲ್ಲಿ 35–3ರಿಂದ ಮುಂದಿದ್ದು, ಕೊನೆಗೆ 41–38ರಿಂದ ಸೋತಿತು. ಇಲ್ಲಿನ ಹಳಬರ ಎದುರು ರನ್ ಅಂಡ್ ಶೂಟ್ ಎಂದರೆ ಸಾಕು, ಅವರು ಹೇಳುವುದು ಆ ಸೋಲಿನ ಕತೆಯನ್ನೇ, 95ರ ಕತೆಯನ್ನಲ್ಲ.

ಈ ಪದ್ಧತಿಯಲ್ಲಿ ಕಾಗದದ ಗೆರೆ ಒಂದು ಕಡೆ ನಿಂತುಬಿಡುತ್ತದೆ. 'ಸ್ಟ್ರೀಕ್' ಎಂಬ ಆಟವನ್ನೇ ನೋಡಿ. ನಾಲ್ವರು ರಿಸೀವರ್‌ಗಳು ನೇರ ಮುಂದಕ್ಕೆ ಓಡುತ್ತಾರೆ. ಅಂಚಿನ ಇಬ್ಬರದು ಬರೀ ವೇಗದ ಕೆಲಸ. ಒಳಗಿನವರು, ಅಂದರೆ ಸ್ಲಾಟ್‌ಗಳು, ಓಡುತ್ತಲೇ ಎದುರಾಳಿಯ ಹಿಂದಿನ ಕಾವಲುಗಾರನನ್ನು ನೋಡಬೇಕು. ಅವನಿಗೆ ಸೇಫ್ಟಿ ಎನ್ನುತ್ತಾರೆ. ಒಬ್ಬನೇ ಸೇಫ್ಟಿ ನಟ್ಟನಡುವೆ ನಿಂತಿದ್ದರೆ ನಡು ಮುಚ್ಚಿದೆ, ಸ್ಲಾಟ್ ನೇರ ಓಡಬೇಕು. ಇಬ್ಬರಿದ್ದು ಆಚೆ ಈಚೆ ಸರಿದಿದ್ದರೆ ನಡು ತೆರೆದಿದೆ, ಒಳಕ್ಕೆ ಬಾಗಬೇಕು. ಹತ್ತು ಗಜ ದಾಟುವಷ್ಟರಲ್ಲಿ ತೀರ್ಮಾನವಾಗಬೇಕು. ಎಸೆಯುವ ಕ್ವಾರ್ಟರ್‌ಬ್ಯಾಕ್ ಕೂಡ ಅಷ್ಟು ಹಿಂದಿನಿಂದ ಅದನ್ನೇ ನೋಡಿ ಅದೇ ತೀರ್ಮಾನಕ್ಕೆ ಬರಬೇಕು. ಇಬ್ಬರೂ ಕೂಗುವ ಹಾಗಿಲ್ಲ, ಸನ್ನೆ ಮಾಡುವ ಹಾಗಿಲ್ಲ. ರಿಸೀವರ್ ತಿರುಗುವ ಮೊದಲೇ ಚೆಂಡು ಕೈ ಬಿಟ್ಟಿರುತ್ತದೆ. ನಮ್ಮ ಕನ್ನಡ ವಾಕ್ಯದ ಹಾಗೆ ಇಲ್ಲೂ ಕ್ರಿಯಾಪದ ಕೊನೆಯಲ್ಲೇ. ಆದರೆ ಹೇಳುವವನೂ ಕೇಳುವವನೂ ಅದನ್ನು ಒಟ್ಟಿಗೇ ಊಹಿಸಬೇಕು.

ನಮ್ಮ ಸ್ಲಾಟ್‌ಗಳಲ್ಲಿ ಹನ್ನೊಂದನೇ ತರಗತಿಯ ಹುಡುಗನೊಬ್ಬನಿದ್ದ. ತಂಡದಲ್ಲೇ ವೇಗಿ. ಮನೆಯಲ್ಲಿ ಸ್ಪ್ಯಾನಿಷ್, ಶಾಲೆಯಲ್ಲಿ ಇಂಗ್ಲಿಷ್, ಎರಡರಲ್ಲೂ ಮಾತು ಕಡಿಮೆ. ಅಕ್ಟೋಬರ್‌ನ ಒಂದು ಪಂದ್ಯದಲ್ಲಿ ಅವನು ನೇರ ಓಡಿದ, ಚೆಂಡು ಒಳಕ್ಕೆ ಬಂತು, ಎದುರಾಳಿ ಅದನ್ನು ಹಿಡಿದು ಓಡಿಯೇಬಿಟ್ಟ. ಸೋಮವಾರ ಮುಖ್ಯ ಕೋಚ್ ಹೇಳಿದರು: ಹದಿನಾರು ವರ್ಷದವರಿಗೆ ಆಯ್ಕೆ ಕೊಡಬಾರದು, ಶುಕ್ರವಾರದೊಳಗೆ ಇದು ಸರಿಹೋಗದಿದ್ದರೆ ಎಲ್ಲರಿಗೂ ಒಂದೊಂದೇ ಗೆರೆ. ಗೆರೆ ಒಂದೇ ಆದರೆ ಆ ಜಾಗಕ್ಕೆ ಇನ್ನೂ ಎತ್ತರದ ಹುಡುಗನೊಬ್ಬ ಸಿದ್ಧನಿದ್ದ. ಅದು ಇವನಿಗೂ ಗೊತ್ತಿತ್ತು.

ಮಂಗಳವಾರ ಸಂಜೆ ಸೇಫ್ಟಿಯ ಜಾಗದಲ್ಲಿ ನಿಂತವನು ನಾನೇ. ಹುಡುಗನ ಬೆನ್ನ ಹಿಂದೆ ನಿಂತ ರೂಮ್‌ಮೇಟ್ ಒಂದು ಬೆರಳು ತೋರಿಸಿದರೆ ನಾನು ನಡುವಿಗೆ, ಎರಡು ತೋರಿಸಿದರೆ ಬದಿಗೆ. ನಾಲ್ಕೈದು ಸಲ ಆದಮೇಲೆ ಒಂದು ವಿಷಯ ಗಮನಕ್ಕೆ ಬಂತು. ಹುಡುಗ ನನ್ನ ಮುಖ ನೋಡುತ್ತಿದ್ದ. ನಾನು ಎತ್ತ ಸರಿಯುತ್ತೇನೆ ಎಂದಲ್ಲ, ತಾನು ಮಾಡುತ್ತಿರುವುದು ಸರಿಯೇ ಎಂದು.

ಈ ನೋಟ ನನಗೆ ಚೆನ್ನಾಗಿ ಗೊತ್ತು. ಉತ್ತರ ಹೇಳುತ್ತಲೇ ಮೇಷ್ಟ್ರ ಹುಬ್ಬು ನೋಡುವ ಶಾಲೆಯಲ್ಲಿ ಓದಿದವನು ನಾನು. ಇಂದಿಗೂ ನನ್ನ ಗೈಡ್ ಎದುರು ಫಲಿತಾಂಶ ಇಡುವಾಗ ಅವರ ಹುಬ್ಬು ಏರುವ ಮೊದಲೇ ನನ್ನ ವಾಕ್ಯ ದಿಕ್ಕು ಬದಲಿಸಿರುತ್ತದೆ. 'ದತ್ತಾಂಶ ನೋಡು, ನನ್ನನ್ನಲ್ಲ' ಎಂದು ಅವರು ಒಮ್ಮೆ ನೇರವಾಗಿಯೇ ಹೇಳಿದ್ದರು. ಹೇಳಿದಷ್ಟು ಸುಲಭವಲ್ಲ ಅದು. ದೊಡ್ಡವರ ಮುಖ ಓದುವುದು ನಮ್ಮಂಥವರಿಗೆ ಬದುಕಲು ಕಲಿತ ಮೊದಲ ವಿದ್ಯೆ, ಕೆಟ್ಟ ವಿದ್ಯೆಯೇನಲ್ಲ.

ರೂಮ್‌ಮೇಟ್‌ಗೆ ಹೇಳಿದೆ. ಬುಧವಾರ ನಾನು ಕಪ್ಪು ಕನ್ನಡಕ ಹಾಕಿ, ಮುಖಕ್ಕೆ ಟವೆಲ್ ಸುತ್ತಿ ನಿಂತೆ. ಟೆಕ್ಸಾಸಿನ ಸೆಕೆಯಲ್ಲಿ ಅದೊಂದು ಶಿಕ್ಷೆಯೇ. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು, ಇವನೂ ನಕ್ಕ. 'ಸೊಂಟ ನೋಡು' ಎಂದಷ್ಟೇ ರೂಮ್‌ಮೇಟ್ ಹೇಳಿದ. ಕಣ್ಣು, ಭುಜ, ತಲೆ ಎಲ್ಲವೂ ಸುಳ್ಳು ಹೇಳಬಲ್ಲವು. ಸೊಂಟ ತಿರುಗದೆ ಮಾತ್ರ ಯಾರೂ ಓಡಲಾರರು. ನನ್ನದಂತೂ ಕಲಿಯದ ಸೊಂಟ, ಏನನ್ನೂ ಮುಚ್ಚಿಡುತ್ತಿರಲಿಲ್ಲ. ಮೊದಲ ಕೆಲವು ಸಲ ಅವನು ತಡವರಿಸಿದ. ಆಮೇಲೆ ನಾನು ಬದಿಗೆ ಸರಿಯಲು ಕಾಲೆತ್ತುವಷ್ಟರಲ್ಲಿ ನನ್ನ ಪಕ್ಕದಿಂದ ಗಾಳಿ ಹಾದುಹೋಗುತ್ತಿತ್ತು.

ಶುಕ್ರವಾರ ಸ್ಟ್ರೀಕ್ ಆಡಿಸಿದ್ದು ಎರಡೇ ಸಲ. ಮೊದಲ ಸಲ ಚೆಂಡು ಇನ್ನೊಂದು ಬದಿಗೆ ಹೋಯಿತು. ಎರಡನೇ ಸಲ ಸೇಫ್ಟಿಗಳು ಸರಿದರು, ಹುಡುಗ ಒಳಕ್ಕೆ ಬಾಗಿದ, ಚೆಂಡು ಬಂತು, ಅವನ ಎರಡೂ ಅಂಗೈಗೆ ಬಡಿದು ಕೆಳಗೆ ಬಿತ್ತು. ಗ್ಯಾಲರಿಯಲ್ಲಿದ್ದವರು ಉಸ್ಸೆಂದರು. ಮುಖ್ಯ ಕೋಚ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಶನಿವಾರ ವಿಡಿಯೊ ನೋಡುವಾಗ ರೂಮ್‌ಮೇಟ್ ಒಂದು ಕಡೆ ಚಿತ್ರ ನಿಲ್ಲಿಸಿದ. ಕ್ವಾರ್ಟರ್‌ಬ್ಯಾಕ್‌ನ ಕೈಯಿಂದ ಚೆಂಡು ಆಗಷ್ಟೇ ಬಿಟ್ಟಿದೆ, ಹುಡುಗನ ಸೊಂಟ ಆಗಷ್ಟೇ ತಿರುಗುತ್ತಿದೆ. ಎರಡೂ ಒಂದೇ ಚೌಕಟ್ಟಿನಲ್ಲಿ. ಮುಖ್ಯ ಕೋಚ್ ಅದನ್ನು ಮೂರು ಸಲ ಹಿಂದೆ ಮುಂದೆ ಓಡಿಸಿದರು, ಏನೂ ಹೇಳಲಿಲ್ಲ. ಸೋಮವಾರ ಹಂಚಿದ ಹಾಳೆಯಲ್ಲಿ ಆ ಹುಡುಗನ ಗೆರೆ ಹತ್ತು ಗಜದ ಆಚೆ ಇನ್ನೂ ಎರಡಾಗಿ ಕವಲೊಡೆದೇ ಇತ್ತು. ಜೊತೆಗೆ ಅಭ್ಯಾಸ ಮುಗಿದ ಮೇಲೆ ಅವನೊಬ್ಬನೇ ಐವತ್ತು ಕ್ಯಾಚ್ ಹಿಡಿಯಬೇಕೆಂದು ಪೆನ್ಸಿಲಿನಲ್ಲಿ ಬರೆದಿತ್ತು.