ಬಾಳ್ಗಳ್ಚಿನಿಂದ ಪಡಿತರ ಚೀಟಿಯವರೆಗೆ

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಅದೇ ದಿನ ವೈಸ್‌ರಾಯ್ ಲಿನ್‌ಲಿತ್‌ಗೋ, ಭಾರತವೂ ಯುದ್ಧದಲ್ಲಿದೆ ಎಂದು ಘೋಷಿಸಿದ. ಕೇಂದ್ರ ಶಾಸನಸಭೆಯನ್ನು ಕೇಳಲಿಲ್ಲ. ಪ್ರಾಂತ್ಯಗಳಲ್ಲಿ ಆಡಳಿತ ನಡೆಸುತ್ತಿದ್ದ ಚುನಾಯಿತ ಮಂತ್ರಿಮಂಡಲಗಳನ್ನೂ ಕೇಳಲಿಲ್ಲ. ಚಕ್ರವರ್ತಿ ಯುದ್ಧದಲ್ಲಿದ್ದರೆ ಅವನ ಪ್ರಜೆಯೂ ಯುದ್ಧದಲ್ಲಿದ್ದಂತೆಯೇ ಎಂಬ ವಾದದ ಮುಂದೆ ಅಂಥ ಪ್ರಶ್ನೆಗೆ ಎಡೆಯಿರಲಿಲ್ಲ. ಅದೇ ಸಾಮ್ರಾಜ್ಯದ ಅಂಗಗಳಾಗಿದ್ದ ದಕ್ಷಿಣ ಆಫ್ರಿಕಾ ಮತ್ತು ಕೆನಡಾ ದೇಶಗಳು ತಮ್ಮ ಸಂಸತ್ತುಗಳಲ್ಲಿ ಚರ್ಚೆ ನಡೆಸಿ, ಕ್ರಮವಾಗಿ ಸೆಪ್ಟೆಂಬರ್ 6 ಮತ್ತು 10ರಂದು ಯುದ್ಧ ಸಾರಿದವು. ಭಾರತಕ್ಕೆ ಆ ಕೆಲವು ದಿನಗಳ ಮರ್ಯಾದೆಯೂ ದೊರೆಯಲಿಲ್ಲ. ಇದನ್ನು ಪ್ರತಿಭಟಿಸಿ ಕಾಂಗ್ರೆಸ್ ಮಂತ್ರಿಮಂಡಲಗಳು ಆ ವರ್ಷದ ಕೊನೆಯೊಳಗೆ ರಾಜೀನಾಮೆಯಿತ್ತವು. ಪ್ರತಿಭಟನೆ ನ್ಯಾಯವಾದದ್ದೇ. ಆದರೆ ಅದರ ಫಲವಾಗಿ, ಮುಂದೆ ಅಕ್ಕಿ, ಬಟ್ಟೆಗಳ ಅಭಾವ ತಲೆದೋರಿದಾಗ ಧಾರವಾಡವನ್ನು ಒಳಗೊಂಡ ಮುಂಬಯಿ ಪ್ರಾಂತ್ಯದಲ್ಲಿಯಾಗಲಿ, ಬಳ್ಳಾರಿಯನ್ನು ಒಳಗೊಂಡ ಮದರಾಸು ಪ್ರಾಂತ್ಯದಲ್ಲಿಯಾಗಲಿ ಜನರಿಗೆ ಉತ್ತರ ಹೇಳಬೇಕಾದ ಮಂತ್ರಿ ಯಾರೂ ಇರಲಿಲ್ಲ.

ಇದಕ್ಕೆ ಪೂರ್ವನಿದರ್ಶನ 1914ರಲ್ಲಿಯೇ ಇತ್ತು. ಆಗಲೂ ಯುರೋಪಿನ ಕಲಹ ಭಾರತದ ಕಲಹವಾದದ್ದು ಲಂಡನ್ನಿನ ನಿರ್ಧಾರದಿಂದ. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ನಗರವನ್ನು ಗೆದ್ದುಕೊಂಡವರಲ್ಲಿ ಇವರೂ ಸೇರಿದ್ದರು. ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿ ಫಿರಂಗಿಗಳ ಎದುರಿಗೆ ಕುದುರೆ ಏರಿ ಹೋದವರ ಶೌರ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮೈಸೂರಿಗೂ ತುರ್ಕರಿಗೂ ಇದ್ದ ವೈರವಾದರೂ ಏನು?

ಇಲ್ಲಿ ಹಳೆಯದೊಂದು ಮಾತನ್ನು ನೆನೆಯಬೇಕು. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದಾದ ಹಲ್ಮಿಡಿಯ ಶಾಸನ ಯುದ್ಧವೊಂದರ ಲೆಕ್ಕಪತ್ರವೇ ಆಗಿದೆ. ಹೋರಾಡಿದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಗ್ರಾಮಗಳು 'ಬಾಳ್ಗಳ್ಚು' ಎಂದು, ಅಂದರೆ ಕತ್ತಿ ತೊಳೆದ ಕೊಡುಗೆಯಾಗಿ, ಸಂದವು. ಸುಮಾರು ಕ್ರಿ.ಶ. 900ರ ಬೇಗೂರಿನ ಶಾಸನ ಬೆಂಗಳೂರು ಕಾಳಗದಲ್ಲಿ ಮಡಿದ ಬುಟ್ಟಣಸೆಟ್ಟಿಯ ಹೆಸರನ್ನು ಉಳಿಸಿದೆ. ತುರುಗೋಳಿನಲ್ಲಿ ಬಿದ್ದವನಿಗೆ ಊರ ಬಾಗಿಲಲ್ಲೇ ವೀರಗಲ್ಲು, ಅವನ ಮನೆಯವರಿಗೆ ನೆತ್ತರುಗೊಡಗೆ. ಆ ಕಾಲವನ್ನು ಹೊಗಳಬೇಕಾಗಿಲ್ಲ. ಆಗಲೂ ಊರುಗಳು ಉರಿದವು, ಹೆಂಗಸರು ಸೆರೆಯಾದರು. ಆದರೂ ಯುದ್ಧಕ್ಕೆ ಕರೆದವನು, ಹೋದವನು, ಸತ್ತವನು, ಅವನ ಮಕ್ಕಳಿಗೆ ಗದ್ದೆ ಬಿಟ್ಟವನು ಎಲ್ಲರೂ ಒಂದೇ ಶಿಲೆಯ ಮೇಲೆ ಸಿಗುತ್ತಾರೆ. ಇಪ್ಪತ್ತನೆಯ ಶತಮಾನದ ಪರದೇಶ ಯುದ್ಧದಲ್ಲಿ ಈ ಲೆಕ್ಕ ಮುರಿದುಬಿತ್ತು. ನಿರ್ಧಾರ ಒಂದು ಖಂಡದಲ್ಲಿ, ರಣರಂಗ ಇನ್ನೊಂದರಲ್ಲಿ, ತೆತ್ತವರು ಮೂರನೆಯದರಲ್ಲಿ. ಭಾರತದ ಹಲವು ಗ್ರಾಮಗಳಲ್ಲಿ ಮೊದಲ ಮಹಾಯುದ್ಧದ ನಂತರ ನಿಂತ ಶಿಲಾಫಲಕಗಳಲ್ಲಿ ಆ ಊರಿನಿಂದ ಎಷ್ಟು ಮಂದಿ ಹೋದರು, ಎಷ್ಟು ಮಂದಿ ಮಡಿದರು ಎಂಬ ಸಂಖ್ಯೆಗಳಿವೆ, ಹೆಸರುಗಳಿಲ್ಲ.

ತೆತ್ತದ್ದು ಹೇಗೆ ಎಂಬುದು ಸೇನೆಯ ಇತಿಹಾಸದಲ್ಲಿ ಸಿಗುವುದಿಲ್ಲ, ಹಣದ ಇತಿಹಾಸದಲ್ಲಿ ಸಿಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಭಾರತದಲ್ಲಿ ಕೊಂಡ ಸರಕಿಗೂ ಪರದೇಶದಲ್ಲಿ ದುಡಿದ ಭಾರತೀಯ ಸೈನ್ಯಕ್ಕೂ ಬ್ರಿಟನ್ ಕೊಡಬೇಕಾದ ಹಣವನ್ನು ಲಂಡನ್ನಿನಲ್ಲಿ ಪೌಂಡುಗಳ ಲೆಕ್ಕದಲ್ಲಿ ಬರೆದಿಡಲಾಗುತ್ತಿತ್ತು. ಆ ಬರಹವನ್ನು ಆಧಾರ ಮಾಡಿಕೊಂಡು ರಿಸರ್ವ್ ಬ್ಯಾಂಕ್ ಇಲ್ಲಿ ರೂಪಾಯಿ ನೋಟುಗಳನ್ನು ಅಚ್ಚು ಹಾಕಿಸಿತು. ಸರಕು ಹಡಗು ಹತ್ತಿ ಹೋಯಿತು, ನೋಟು ಊರಲ್ಲಿ ಉಳಿಯಿತು. ಯುದ್ಧದ ಆರು ವರ್ಷಗಳಲ್ಲಿ ಚಲಾವಣೆಯ ನೋಟುಗಳು ಐದು ಪಟ್ಟಿಗೂ ಮೀರಿ ಬೆಳೆದವು. ಯುದ್ಧ ಮುಗಿದಾಗ ಬ್ರಿಟನ್ ಭಾರತಕ್ಕೆ ಸುಮಾರು 130 ಕೋಟಿ ಪೌಂಡ್ ಬಾಕಿಯಿತ್ತು. ಶತಮಾನಗಳ ಸಾಲಗಾರ ದೇಶ ಸಾಲ ಕೊಟ್ಟ ದೇಶವಾಯಿತೆಂದು ಅರ್ಥಶಾಸ್ತ್ರಜ್ಞರು ಬರೆಯುತ್ತಾರೆ. ಆ ಸಾಲವನ್ನು ಕೊಟ್ಟವರು ಯಾರು? ಸಂಬಳ ಅಷ್ಟೇ ಇದ್ದು ಅಕ್ಕಿಯ ಬೆಲೆ ಏರಿದಾಗ ಒಂದು ಹೊತ್ತಿನ ಅನ್ನವನ್ನು ಗಂಜಿಯಾಗಿಸಿದ ಗೃಹಿಣಿ. ಅವಳ ಹೆಸರು ಲಂಡನ್ನಿನ ಖಾತೆಯಲ್ಲಿಲ್ಲ.

ನಾಣ್ಯದಲ್ಲಿಯೂ ಯುದ್ಧದ ಗುರುತುಂಟು. 1940ರಲ್ಲಿ ರೂಪಾಯಿಯ ಬೆಳ್ಳಿಯ ಅಂಶ ಅರ್ಧಕ್ಕೆ ಇಳಿಯಿತು. ಲೋಹ ಉಳಿಸುವ ಸಲುವಾಗಿ 1943ರಿಂದ ಒಂದು ಪೈಸೆಯ ನಾಣ್ಯ ನಡುವೆ ತೂತಿನೊಡನೆ ಹೊರಬಂದಿತು. ಜನ ಅದನ್ನು ತೂತು ಕಾಸು ಎಂದರು. ಮುದುಕಿಯರು ಬೆಳ್ಳಿಯ ಹಳೆಯ ರೂಪಾಯಿಗಳನ್ನು ಗಂಟು ಕಟ್ಟಿ ಬಚ್ಚಿಟ್ಟದ್ದು ಅಜ್ಞಾನದಿಂದಲ್ಲ. ಸರ್ಕಾರದ ಮಾತಿನ ತೂಕವನ್ನು ಅವರು ಕೈಯಲ್ಲಿ ಹಿಡಿದೇ ಅಳೆದಿದ್ದರು.

1942ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ವಶವಾಯಿತು. ಅದರೊಡನೆ ಬರ್ಮಾದ ಅಕ್ಕಿ ನಿಂತಿತು. ಲಕ್ಷಾಂತರ ಭಾರತೀಯರು ಕಾಡುದಾರಿಯಲ್ಲಿ ನಡೆದು ಹಿಂದಿರುಗಿದರು. ಮರುವರ್ಷದ ಬಂಗಾಳದ ಕ್ಷಾಮದಲ್ಲಿ ಸತ್ತವರು ಸರ್ಕಾರಿ ವಿಚಾರಣಾ ಆಯೋಗದ ಲೆಕ್ಕದಲ್ಲಿಯೇ 15 ಲಕ್ಷ; ನಂತರದ ವಿದ್ವಾಂಸರು ಅದರ ಎರಡರಷ್ಟು ಎನ್ನುತ್ತಾರೆ. ಆ ಯುದ್ಧದಲ್ಲಿ ಮಡಿದ ಭಾರತೀಯ ಸೈನಿಕರು ಸುಮಾರು 87,000. ಯುದ್ಧವೆಂದರೆ ಯುದ್ಧಭೂಮಿ ಎಂದು ತಿಳಿದವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಬೇಕು.

ಕನ್ನಡನಾಡಿನಲ್ಲಿ ಬಂಗಾಳದ ಭೀಕರತೆ ಇರಲಿಲ್ಲ. ಇಲ್ಲಿಯ ಸಂಕಟದ ಬಗೆ ಬೇರೆ. ನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಧಾನ್ಯ ಸಾಗಣೆಗೆ ನಿರ್ಬಂಧ ಬಂದ ಮೇಲೆ, ಅದುವರೆಗೆ ನಕ್ಷೆಯಲ್ಲಷ್ಟೇ ಇದ್ದ ಗಡಿರೇಖೆ ಎತ್ತಿನ ಗಾಡಿಗೆ ಅಡ್ಡ ನಿಂತಿತು. ತವರಿನಿಂದ ಮಗಳ ಮನೆಗೆ ಒಂದು ಮೂಟೆ ಜೋಳ ಕಳಿಸುವುದು ಕಳ್ಳಸಾಗಣೆಯಾಯಿತು. ಹಗೇವಿನಲ್ಲಿ ಎಷ್ಟಿದೆ ಎಂಬುದು ಮನೆಯ ಯಜಮಾನನಿಗೆ ಮಾತ್ರ ತಿಳಿದಿದ್ದ ಗುಟ್ಟು. ಈಗ ಲೆವಿ ಎತ್ತಲು ಬಂದ ಅಧಿಕಾರಿಗೂ ಅದು ತಿಳಿಯಬೇಕಾಯಿತು. ಗಡಿಯ ಈ ಕಿರುಕುಳ ಏಕೀಕರಣದ ಹಂಬಲಕ್ಕೆ ಎಷ್ಟು ಬಲ ತುಂಬಿತು ಎಂಬುದನ್ನು ಸಂಶೋಧಕರು ಇನ್ನೂ ವಿವರವಾಗಿ ವಿಚಾರಿಸಬಹುದು.

ಭಾಷೆಯೂ ಸುಮ್ಮನಿರಲಿಲ್ಲ. ರೇಷನ್, ಕಂಟ್ರೋಲ್, ಪರ್ಮಿಟ್, ಕ್ಯೂ ಎಂಬ ಮಾತುಗಳು ಇಂಗ್ಲಿಷ್ ಬಾರದವರ ನಾಲಿಗೆಗೂ ಬಂದವು. ಕಾಳಸಂತೆ ಎಂಬ ಹೊಸ ಸಮಾಸ ಸಂತೆಯ ಹಳೆಯ ಸಂಭ್ರಮದ ಮೇಲೆ ಕಪ್ಪು ಬಳಿಯಿತು. 'ಕಂಟ್ರೋಲ್ ಬಟ್ಟೆ' ಎಂದರೆ ಒರಟು ಬಟ್ಟೆ ಎಂಬ ಅರ್ಥ ನಿಂತಿತು. ಪ್ರಗತಿಶೀಲ ಸಾಹಿತ್ಯ ಬೆಳೆದದ್ದು ಇದೇ ದಶಕದಲ್ಲಿ. ಅದರ ಮೂಲವನ್ನು ರಷ್ಯದ ಸಿದ್ಧಾಂತದಲ್ಲಿ ಹುಡುಕುವ ವಿಮರ್ಶಕರು ಸೀಮೆಎಣ್ಣೆಯ ಸಾಲನ್ನು ಅಷ್ಟಾಗಿ ಗಮನಿಸಿದಂತಿಲ್ಲ.

1945ರಲ್ಲಿ ಯುದ್ಧ ಮುಗಿಯಿತು. 1947ರ ಕೊನೆಯಲ್ಲಿ, ಗಾಂಧೀಜಿಯವರ ಒತ್ತಾಯದ ಮೇರೆಗೆ ಆಹಾರದ ನಿಯಂತ್ರಣಗಳನ್ನು ಸಡಿಲಿಸಲಾಯಿತು. ಬೆಲೆಗಳು ಏರಿದವು, ಮರುವರ್ಷ ನಿಯಂತ್ರಣ ಮತ್ತೆ ಬಂದಿತು. ಲ್ಯಾನ್ಸರ್ಸ್ ಸವಾರರ ಸ್ಮಾರಕ ಬೆಂಗಳೂರಿನ ಮುನಿರೆಡ್ಡಿಪಾಳ್ಯದ ಬಳಿ ನಿಂತಿದೆ. ಇತ್ತ ಮನೆಮನೆಯ ಗೂಡಿನಲ್ಲಿ, ಪಂಚಾಂಗದ ಪಕ್ಕದಲ್ಲಿ, ಉಣ್ಣುವ ಬಾಯಿಗಳನ್ನು ಎಣಿಸಿ ಬರೆದ ಪಡಿತರ ಚೀಟಿ ಉಳಿಯಿತು. ಮಗು ಹುಟ್ಟಿದಾಗ ಅದರಲ್ಲೊಂದು ಹೆಸರು ಸೇರುತ್ತಿತ್ತು. ಮಗಳು ಗಂಡನ ಮನೆಗೆ ಹೋದಾಗ ಒಂದು ಹೆಸರನ್ನು ಹೊಡೆದುಹಾಕಿಸಿಕೊಂಡು ಬರಬೇಕಾಗುತ್ತಿತ್ತು.