ಒಂದು ಋಣಚಿಹ್ನೆ ಮತ್ತು ಒಂದು ಆಟಿಕೆ ವಿಮಾನ

ಋಣ ಪೂರ್ಣಾಂಕಗಳ ಪಾಠಕ್ಕೆ ಪಠ್ಯಪುಸ್ತಕಗಳು ಸಾಲದ ಉದಾಹರಣೆಯನ್ನೋ ಉಷ್ಣಮಾಪಕದ ಉದಾಹರಣೆಯನ್ನೋ ಕೊಡುತ್ತವೆ. ಆಂಡರ್ಸನ್‌ಪೇಟೆಯ ಮಕ್ಕಳಿಗೆ ಅವೆರಡರ ಅಗತ್ಯವೂ ಬೀಳುತ್ತಿರಲಿಲ್ಲ. ಗಣಿಯ ಬಾಯಿ ಎಂದರೆ ಸೊನ್ನೆ, ಅಲ್ಲಿಂದ ಇಳಿದಷ್ಟೂ ಋಣ. ಮನೆಯಲ್ಲಿ ತಮಿಳನ್ನೋ ತೆಲುಗನ್ನೋ ಆಡಿ, ತರಗತಿಯಲ್ಲಿ ಕನ್ನಡದಲ್ಲಿ ಲೆಕ್ಕ ಮಾಡುತ್ತಿದ್ದ ಆ ಮಕ್ಕಳ ತಂದೆಯರು ದಿನವೂ ಸೊನ್ನೆಯಿಂದ ಕೆಳಗಿಳಿದು, ಪಾಳಿ ಮುಗಿದ ಮೇಲೆ ಸೊನ್ನೆಗೆ ಏರಿ ಬರುತ್ತಿದ್ದವರು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಮಿಗಿಲಾದುದರಿಂದ ನನ್ನ ಕರಿಹಲಗೆಯ ಸಂಖ್ಯಾರೇಖೆಗೆ ಉದ್ದವೇ ಸಾಲುತ್ತಿರಲಿಲ್ಲ. ಕೂಡುವುದು, ಕಳೆಯುವುದು ಹೀಗೆ ಸಲೀಸಾಗಿ ಸಾಗುತ್ತಿತ್ತು. ತೊಡಕು ಬರುತ್ತಿದ್ದುದು ಗುಣಾಕಾರದಲ್ಲಿ. ಎರಡು ಋಣಸಂಖ್ಯೆಗಳ ಗುಣಲಬ್ಧ ಧನವೆಂದು ಹೇಳಿದೊಡನೆ ತರಗತಿಯ ಮುಖವೇ ಬದಲಾಗುತ್ತಿತ್ತು. ಈ ಬರಹವನ್ನು ಓದುತ್ತಿರುವ ಹಲವರಿಗೆ ಆ ಮುಖ ತಮ್ಮದೇ ಆಗಿತ್ತೆಂಬುದು ನೆನಪಿದ್ದೀತು!

ಆ ನಿಯಮಕ್ಕೆ ಕೈಯಲ್ಲಿ ಹಿಡಿದು ತೋರಿಸಬಹುದಾದ ಉದಾಹರಣೆಯೊಂದು ನಾನು ನಿವೃತ್ತನಾದ ಮೇಲೆ, ಕಳೆದ ವರ್ಷ, ರೇಡಿಯೋ ನಿಯಂತ್ರಿತ ಆಟಿಕೆ ವಿಮಾನವೊಂದರ ರೂಪದಲ್ಲಿ ನನ್ನ ಮನೆಗೆ ಬಂದಿತು. ತಂದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗ, ಪಿ.ಯು.ಸಿ. ಮೊದಲ ವರ್ಷದಲ್ಲಿ ಓದುತ್ತಿರುವ ಹುಡುಗ. ತಂದೆಯು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವವನು. ನಮ್ಮೂರಿನ ಅರ್ಧದಷ್ಟು ಸಂಸಾರಗಳು ಈಗ ಹೀಗೆಯೇ ನಡೆಯುತ್ತಿವೆ. ಹುಡುಗ ಥರ್ಮೋಕೋಲ್ ಹಾಳೆಯಲ್ಲಿ ತಾನೇ ಕೊರೆದು ಮಾಡಿದ್ದ ವಿಮಾನಕ್ಕೆ ಬಾಲವಿರಲಿಲ್ಲ. ಬರಿಯ ರೆಕ್ಕೆ, ಹಿಂಬದಿಯಲ್ಲಿ ಒಂದು ಪುಟ್ಟ ಮೋಟಾರು, ರೆಕ್ಕೆಯ ಹಿಂದಂಚಿನಲ್ಲಿ ಎರಡು ಮಡಿಕೆ ಹಲಗೆಗಳು. ತೂಕ 230 ಗ್ರಾಂ. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದನ್ನು ‘ನ್ಯಾನೋ’ ಎಂಬ ವರ್ಗಕ್ಕೆ ಸೇರಿಸಿರುವುದನ್ನು ಓದಿಕೊಂಡೇ ಅವನು ಆ ತೂಕವನ್ನು ಗೊತ್ತುಮಾಡಿಕೊಂಡಿದ್ದನೆಂಬುದು ನನಗೆ ಮೆಚ್ಚುಗೆಯಾಯಿತು.

ಆದರೆ ವಿಮಾನದ ಮೂಗು ಜಜ್ಜಿಹೋಗಿತ್ತು. ಹಿಂದಿನ ಭಾನುವಾರ ಊರಾಚೆಯ ಬಯಲಿನಲ್ಲಿ ಹಾರಿಸಿದಾಗ ಮೊದಲ ಒಂದು ನಿಮಿಷ ಸರಿಯಾಗಿಯೇ ಹಾರಿ, ತಿರುವಿನಲ್ಲಿ ಎಡಕ್ಕೆ ಹೋಗೆಂದರೆ ಬಲಕ್ಕೆ ಹೊರಳಿ, ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳಿಂದ ಹತ್ತು ಹೆಜ್ಜೆ ದೂರದಲ್ಲಿ ನೆಲಕ್ಕೆ ಬಡಿದಿತ್ತು. ಇನ್ನೊಮ್ಮೆ ಹೀಗಾದರೆ ರೇಡಿಯೋವನ್ನು ಮಾರಿಬಿಡುವುದಾಗಿ ತಂದೆ ಹೇಳಿದ್ದನಂತೆ. ಆ ತಂದೆಯ ಮಾತಿನಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಹಿಂಬದಿಯ ಪಂಕವು ಕ್ಷಣಕ್ಕೆ ನೂರಾರು ಸುತ್ತು ಸುತ್ತುವಂಥದು, ಅದು ಆಟಿಕೆಯಲ್ಲ. “ಮನೇಲಿ ನೋಡಿದಾಗ ಎಲ್ಲಾ ಸರಿಯಾಗೇ ಇತ್ತು ಸಾರ್, ಮೇಲೆ ಹೋದ್ಮೇಲೆ ಉಲ್ಟಾ ಆಯ್ತು” ಎಂದ ಹುಡುಗ. ಮನೆಯಲ್ಲಿ ಸರಿಯಿದ್ದುದು ಆಕಾಶದಲ್ಲಿ ತಲೆಕೆಳಗಾಗಲು ಯಾವ ಕಾರಣವೂ ಇಲ್ಲ. ಉತ್ತರ ಆ ರೇಡಿಯೋದೊಳಗೇ ಇರಬೇಕಾಗಿತ್ತು.

ಕೈಯಲ್ಲಿ ಹಿಡಿಯುವ ಆ ರೇಡಿಯೋವನ್ನು, ಎಂದರೆ ಟ್ರಾನ್ಸ್‌ಮಿಟರನ್ನು, ಇದುವರೆಗೆ ನೋಡದವರಿಗಾಗಿ ನಾಲ್ಕು ಮಾತು ಹೇಳಬೇಕು. ಅದರಲ್ಲಿ ಎರಡು ಕಡ್ಡಿಗಳಿರುತ್ತವೆ; ಹವ್ಯಾಸಿಗಳು ಸ್ಟಿಕ್ ಎನ್ನುತ್ತಾರೆ. ಒಂದೊಂದೂ ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಚಲಿಸುವುದರಿಂದ ಒಟ್ಟು ನಾಲ್ಕು ಆಜ್ಞೆಗಳು. ಅಲ್ಲದೆ ಹಲವು ಸ್ವಿಚ್ಚುಗಳು. ಪ್ರತಿಯೊಂದು ಆಜ್ಞೆಯೂ −100ರಿಂದ +100ರವರೆಗಿನ ಒಂದು ಸಂಖ್ಯೆ. ಕೊನೆಯಲ್ಲಿ ವಿಮಾನದ ಸರ್ವೋ ಮೋಟಾರಿಗೆ ತಲುಪುವುದು ಒಂದು ವಿದ್ಯುತ್ ಸ್ಪಂದನ. ಅದರ ಅವಧಿ 1500 ಮೈಕ್ರೋಸೆಕೆಂಡ್ ಆದರೆ ಸರ್ವೋ ನಡುವಿನಲ್ಲಿ ನಿಲ್ಲುತ್ತದೆ, ಹೆಚ್ಚಿದರೆ ಒಂದು ಕಡೆಗೆ, ತಗ್ಗಿದರೆ ಇನ್ನೊಂದು ಕಡೆಗೆ ವಾಲುತ್ತದೆ. ಕಡ್ಡಿಯ ಸಂಖ್ಯೆಗೂ ಸರ್ವೋವಿನ ಸ್ಪಂದನಕ್ಕೂ ನಡುವೆ ಏನು ನಡೆಯಬೇಕೆಂಬುದನ್ನು ಬಳಸುವವನೇ ಬರೆದುಕೊಳ್ಳಬೇಕು.

ಹುಡುಗನ ರೇಡಿಯೋದಲ್ಲಿದ್ದ ತಂತ್ರಾಂಶದ ಹೆಸರು ಎಡ್ಜ್‌ಟಿಎಕ್ಸ್. ಓಪನ್‌ಟಿಎಕ್ಸ್ ಎಂಬ ಹಳೆಯ ತಂತ್ರಾಂಶದಿಂದ 2021ರಲ್ಲಿ ಕವಲೊಡೆದು ಬಂದದ್ದು. ಎರಡನ್ನೂ ಹವ್ಯಾಸಿಗಳೇ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ. ಅದರಲ್ಲಿ ಸಂಖ್ಯೆಯೊಂದು ಮೂರು ಪುಟಗಳನ್ನು ದಾಟಿ ಹೋಗುತ್ತದೆ. ಮೊದಲನೆಯದು ಇನ್‌ಪುಟ್, ಎರಡನೆಯದು ಮಿಕ್ಸ್, ಮೂರನೆಯದು ಔಟ್‌ಪುಟ್. ಒಂದೊಂದು ಪುಟದಲ್ಲಿಯೂ ಸಂಖ್ಯೆಯನ್ನು ಇಂತಿಷ್ಟು ಪ್ರತಿಶತವೆಂದು ಗುಣಿಸಬಹುದು, ಚಿಹ್ನೆಯನ್ನು ಬದಲಿಸಬಹುದು. ಈ ಸ್ವಾತಂತ್ರ್ಯವೇ ಹುಡುಗನನ್ನು ಕೆಡವಿದ್ದು.

ಬಾಲವಿಲ್ಲದ ವಿಮಾನದಲ್ಲಿ ಎರಡೇ ಮಡಿಕೆ ಹಲಗೆಗಳು ಎರಡು ಕೆಲಸಗಳನ್ನು ಮಾಡಬೇಕು. ಎರಡೂ ಮೇಲೆದ್ದರೆ ಮೂಗು ಏರುತ್ತದೆ. ಬಲದ್ದು ಎದ್ದು ಎಡದ್ದು ತಗ್ಗಿದರೆ ವಿಮಾನ ಬಲಕ್ಕೆ ಉರುಳುತ್ತದೆ. ಕಡ್ಡಿಯನ್ನು ಹಿಂದಕ್ಕೆಳೆಯುವ ಆಜ್ಞೆಯನ್ನು ‘ಏ’ (ಏರು) ಎಂದೂ, ಬಲಕ್ಕೆ ವಾಲಿಸುವ ಆಜ್ಞೆಯನ್ನು ‘ಉ’ (ಉರುಳು) ಎಂದೂ ಕರೆಯೋಣ. ಆಗ,

ಬಲ ಹಲಗೆ = ಏ + ಉ
ಎಡ ಹಲಗೆ = ಏ − ಉ

ಇಷ್ಟೇ! ‘ಎರಡು ಸಂಖ್ಯೆಗಳ ಮೊತ್ತ ಇಷ್ಟು, ವ್ಯತ್ಯಾಸ ಇಷ್ಟು, ಆ ಸಂಖ್ಯೆಗಳು ಯಾವುವು?’ ಎಂದು ನೀವು ಬಿಡಿಸುತ್ತಿದ್ದ ಲೆಕ್ಕವೇ ಇದು. ಏ 40, ಉ 30 ಆದರೆ ಬಲ ಹಲಗೆ 70, ಎಡ ಹಲಗೆ 10. ಆದರೆ ಎರಡೂ ಆಜ್ಞೆಗಳು 100 ಆದಾಗ? ಬಲ ಹಲಗೆಯ ಪಾಲಿಗೆ 200 ಬರುತ್ತದೆ, ಸರ್ವೋ 100ರಲ್ಲಿಯೇ ನಿಂತುಬಿಡುತ್ತದೆ; ಎಡದ್ದು ಸೊನ್ನೆ. ಉರುಳಲು ಇರಬೇಕಾಗಿದ್ದ 200ರ ಅಂತರ 100ಕ್ಕೆ ಇಳಿದು, ವಿಮಾನ ಅತಿ ಅಗತ್ಯವಾದ ಹೊತ್ತಿನಲ್ಲಿ ಮಂದವಾಗುತ್ತದೆ. ಆದುದರಿಂದ ಮಿಕ್ಸ್ ಪುಟದಲ್ಲಿ ಎರಡಕ್ಕೂ 50 ಪ್ರತಿಶತ ಕೊಡುವುದು ಸುರಕ್ಷಿತ. ಕೆಲವರು 70 ಕೊಡುತ್ತಾರೆ. ಹೊಸಬರಿಗೆ ನಾನು 50ನ್ನೇ ಹೇಳುತ್ತೇನೆ.

ನಮ್ಮ ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನಕ್ಕೂ ಹಿಂಬದಿಯಲ್ಲಿ ಅಡ್ಡ ಬಾಲವಿಲ್ಲ. ಅದೂ ತ್ರಿಕೋನಾಕಾರದ ರೆಕ್ಕೆಯ ಹಿಂದಂಚಿನ ಹಲಗೆಗಳಿಂದಲೇ ಏರುತ್ತದೆ, ಉರುಳುತ್ತದೆ. ಅಲ್ಲಿ ಚಾಲಕನ ಕೈಗೂ ಹಲಗೆಗಳಿಗೂ ನಡುವೆ ನಾಲ್ಕು ಪಟ್ಟು ಭದ್ರತೆಯ ಗಣಕವ್ಯವಸ್ಥೆಯಿದ್ದು, ಅದರ ಲೆಕ್ಕ ನಮ್ಮ ಈ ಎರಡು ಸಾಲುಗಳಿಗಿಂತ ಬಹಳ ಗಹನವಾದುದು. ಆದರೂ ಕೂಡುವ-ಕಳೆಯುವ ಬೇರು ಇದೇ. ತೇಜಸ್ ಮೊದಲ ಬಾರಿಗೆ ಹಾರಿದ್ದು 2001ರ ಜನವರಿ 4ರಂದು. ಅದೇ ವರ್ಷದ ಫೆಬ್ರವರಿ 28ರಂದು ನಮ್ಮ ಚಿನ್ನದ ಗಣಿ ಮುಚ್ಚಿತು. ಎಂಟು ವಾರಗಳೂ ತುಂಬಿರಲಿಲ್ಲ. ಆ ಎರಡು ಸುದ್ದಿಗಳಲ್ಲಿ ನಮ್ಮ ಶಾಲೆಯ ಮಕ್ಕಳ ಮನೆಗಳಿಗೆ ಯಾವುದು ತಲುಪಿತೆಂಬುದನ್ನು ನಾನು ಹೇಳಬೇಕಾಗಿಲ್ಲ.

ಮತ್ತೆ ಹುಡುಗನ ವಿಷಯಕ್ಕೆ ಬರೋಣ. ಕಾಗದದ ಮೇಲಿನ ‘+’ ರೆಕ್ಕೆಯ ಮೇಲೆ ‘ಮೇಲಕ್ಕೆ’ ಎಂದೇ ಆಗಬೇಕೆಂದೇನಿಲ್ಲ. ಎರಡು ಸರ್ವೋಗಳನ್ನು ಕನ್ನಡಿಯ ಬಿಂಬದಂತೆ ಎದುರುಬದುರಾಗಿ ಕೂರಿಸಿದ್ದುದರಿಂದ ಒಂದೇ ಸಂಖ್ಯೆಗೆ ಒಂದು ಹಲಗೆ ಏಳುತ್ತಿತ್ತು, ಇನ್ನೊಂದು ತಗ್ಗುತ್ತಿತ್ತು. ಅವನು ಇದನ್ನು ಸರಿಪಡಿಸಲು ಮಿಕ್ಸ್ ಪುಟದಲ್ಲಿ ಅಲ್ಲೊಂದು ಇಲ್ಲೊಂದು ಚಿಹ್ನೆ ಬದಲಿಸಿದ. ಏರುವ ಆಜ್ಞೆ ಸರಿಹೋಯಿತು, ಉರುಳುವ ಆಜ್ಞೆ ತಿರುಗುಮುರುಗಾಗಿ ನಿಂತಿತು. ಆಗ ಇನ್‌ಪುಟ್ ಪುಟಕ್ಕೆ ಹೋಗಿ ಉರುಳುವಿಕೆಗೆ −100 ಎಂದು ಬರೆದ. ಋಣ ಋಣವನ್ನು ಗುಣಿಸಿತು, ಧನವಾಯಿತು, ಮನೆಯ ಪಡಸಾಲೆಯಲ್ಲಿ ಎಲ್ಲವೂ ಸರಿಯಾಗಿ ಕಂಡಿತು.

ಆದರೆ ಅವನ ಇನ್‌ಪುಟ್ ಪುಟದಲ್ಲಿ ಉರುಳುವಿಕೆಗೆ ಎರಡು ಸಾಲುಗಳಿದ್ದವು. ಸ್ವಿಚ್ ಮೇಲಿದ್ದಾಗ ಸೌಮ್ಯವಾದ ಚಲನೆ, ಕೆಳಗೆ ಮಾಡಿದರೆ ಚುರುಕಾದ ಚಲನೆ. ಸೌಮ್ಯದ ಸಾಲಿನಲ್ಲಿ ಸ್ಟಿಕ್ಕಿನ ನಡುವನ್ನು ಮೃದುಗೊಳಿಸುವ ‘ಎಕ್ಸ್‌ಪೋ’ ಎಂಬುದನ್ನು 40 ಇಟ್ಟಿದ್ದ; ಸಂಖ್ಯೆಯ ಘನವನ್ನು ಒಂದಿಷ್ಟು ಬೆರೆಸುವ ಉಪಾಯವದು, ಸ್ಟಿಕ್ ಅರ್ಧ ವಾಲಿದಾಗ 50ರ ಬದಲು 35 ಮಾತ್ರ ಹೊರಬರುತ್ತದೆ. ಇದೆಲ್ಲ ಚೆನ್ನಾಗಿಯೇ ಇತ್ತು. ಋಣಚಿಹ್ನೆಯನ್ನು ಅವನು ಬರೆದದ್ದು ಸೌಮ್ಯದ ಸಾಲಿಗೆ ಮಾತ್ರ. ಬಯಲಿನಲ್ಲಿ, ಮೊದಲ ತಿರುವಿನಲ್ಲಿ, ಇನ್ನಷ್ಟು ಚುರುಕು ಬೇಕೆನಿಸಿ ಸ್ವಿಚ್ ಕೆಳಗೆ ಮಾಡಿದ. ಎರಡು ಋಣಗಳಲ್ಲಿ ಒಂದು ಮಾಯವಾಯಿತು. ಉಳಿದ ಒಂದು ಋಣ ವಿಮಾನವನ್ನು ಮುದುಕಿಯ ಕಡೆಗೆ ಕೊಂಡೊಯ್ಯಿತು.

ಇದನ್ನು ನಾನು ಬೆರಳಿಟ್ಟು ತೋರಿಸಲಿಲ್ಲ. ಸ್ವಿಚ್ಚಿನ ಎರಡೂ ಸ್ಥಿತಿಗಳಿಗೆ ಬೇರೆಬೇರೆಯಾಗಿ ಗುಣಲಬ್ಧಗಳನ್ನು ಕಾಗದದ ಮೇಲೆ ಬರೆದು ತೋರಿಸೆಂದೆ. ಮೂರನೆಯ ಸಾಲಿಗೆ ಅವನ ಪೆನ್ಸಿಲು ನಿಂತಿತು. ಕಾಗದವನ್ನೇ ನೋಡುತ್ತ ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಹತ್ತನೆಯ ತರಗತಿಯ ಗಣಿತವನ್ನು ಪೂರಕ ಪರೀಕ್ಷೆಯಲ್ಲಿ ದಾಟಿದ ಹುಡುಗನೆಂಬುದು ಅವನ ತಂದೆಯಿಂದ ನನಗೆ ತಿಳಿದಿತ್ತು. ಆ ಮಾತನ್ನು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಬಳಿಕ ಎಲ್ಲ ಚಿಹ್ನೆಗಳನ್ನೂ ಅಳಿಸಿ ಮೊದಲಿನಿಂದ ಬರೆದೆವು. ಇನ್‌ಪುಟ್ ಪುಟವು ಮನುಷ್ಯನ ಕೈಗೆ ಸಂಬಂಧಿಸಿದ್ದು. ಎಷ್ಟು ಸೌಮ್ಯ, ಎಷ್ಟು ಚುರುಕು ಎಂಬುದಷ್ಟೇ ಅಲ್ಲಿರಬೇಕು. ಮಿಕ್ಸ್ ಪುಟವು ವಿಮಾನದ ಜಾತಿಗೆ ಸಂಬಂಧಿಸಿದ್ದು. ನಮ್ಮ ಎರಡು ಸಮೀಕರಣಗಳು ಅಲ್ಲಿ ಇದ್ದ ಹಾಗೆಯೇ ಇರಬೇಕು. ಸರ್ವೋ ಉಲ್ಟಾ ಕೂತಿದೆ ಎಂಬುದು ಬಡಗಿಯ ಸಂಗತಿ; ಅದನ್ನು ಔಟ್‌ಪುಟ್ ಪುಟದಲ್ಲಿ, ಆ ಸರ್ವೋವಿನ ಸಾಲಿನಲ್ಲಿಯೇ ತಿರುಗಿಸಬೇಕು. ಹಲಗೆ ಎಷ್ಟು ದೂರ ಹೋದರೆ ಸರ್ವೋ ತಡೆದು ಗುಂಯ್‌ಗುಡುತ್ತದೆಂಬ ಮಿತಿಯೂ ಅಲ್ಲಿಯದೇ. ಯಾವ ಕಾರಣ ಯಾವ ಪುಟದಲ್ಲಿ ಹುಟ್ಟಿತೋ ಅದೇ ಪುಟದಲ್ಲಿ ಅದರ ಪರಿಹಾರ. ಹೀಗೆ ಮಾಡಿದಾಗ ಇಡೀ ರೇಡಿಯೋದಲ್ಲಿ ಉಳಿದದ್ದು ಎರಡೇ ಋಣಚಿಹ್ನೆಗಳು. ಎರಡೂ ಏಕಿವೆಯೆಂದು ಹುಡುಗ ಹೇಳಬಲ್ಲವನಾಗಿದ್ದ.

ಮೋಟಾರಿನ ಮಾತು ಬಾಕಿಯಿತ್ತು. ಮಿಕ್ಸ್ ಪುಟದ ಸಾಲುಗಳು ಸಾಮಾನ್ಯವಾಗಿ ಒಂದರೊಡನೊಂದು ಕೂಡಿಕೊಳ್ಳುತ್ತವೆ. ಆದರೆ ಒಂದು ಸಾಲನ್ನು ‘ಕೂಡಿಸು’ ಎನ್ನುವ ಬದಲು ‘ಮೇಲಿನದನ್ನು ತೆಗೆದುಹಾಕಿ ಇದನ್ನು ಇಡು’ ಎಂದೂ ಬರೆಯಬಹುದು. ಸ್ವಿಚ್ಚೊಂದನ್ನು ಒತ್ತಿದರೆ ಮೋಟಾರಿನ ಚಾನೆಲ್ಲಿಗೆ ನೇರವಾಗಿ −100. ಸ್ಟಿಕ್ ಎಲ್ಲಿಯೇ ಇರಲಿ, ಪಂಕ ತಿರುಗದು. ಇದನ್ನು ವಿವರಿಸುವಾಗ ನಮ್ಮ ಬೀದಿಯಲ್ಲಿದ್ದ ವೈಂಡಿಂಗ್ ಎಂಜಿನ್ನಿನ ನಿವೃತ್ತ ಚಾಲಕರೊಬ್ಬರ ನೆನಪಾಯಿತು. ಗಣಿಯ ಕೇಜನ್ನು ಮೇಲೆಳೆಯುವ, ಕೆಳಗಿಳಿಸುವ ಆ ಚಾಲಕನಿಗೆ ಕೇಜೂ ಕಾಣದು, ಅದರಲ್ಲಿರುವ ಜನರೂ ಕಾಣರು. ಎದುರಿಗೆ ಆಳದ ಮುಳ್ಳು, ಕಿವಿಗೆ ಗಂಟೆ. ಎಂಜಿನ್ ನಿಂತಿರುವಾಗ ಒಂದು ಪೆಟ್ಟು ಎಂದರೆ ಮೇಲೆತ್ತು, ಎರಡು ಎಂದರೆ ಇಳಿಸು. ಚಲಿಸುತ್ತಿರುವಾಗ ಒಂದು ಪೆಟ್ಟು ಬಿದ್ದರೆ ಮಾತ್ರ ಬೇರೆ ಯಾವ ಲೆಕ್ಕವೂ ಇಲ್ಲ, ನಿಲ್ಲಿಸು. “ಆ ಒಂದ್ ಗಂಟೇಗೆ ಯೋಚ್ನೆ ಮಾಡೋ ಹಾಗಿಲ್ಲ ಮೇಷ್ಟ್ರೇ” ಎನ್ನುತ್ತಿದ್ದರು ಅವರು. ಹುಡುಗನಿಗೆ ಇದನ್ನು ಹೇಳಿದೆ. ಅವನು ಆ ಸ್ವಿಚ್ಚಿಗೆ ರೇಡಿಯೋದಲ್ಲಿ ‘ಗಂಟೆ’ ಎಂದೇ ಹೆಸರಿಡಲು ನೋಡಿದ. ಅದು ಕನ್ನಡ ಅಕ್ಷರಗಳನ್ನು ಒಪ್ಪಲಿಲ್ಲ.

ರೇಡಿಯೋದ ಸಂಪರ್ಕವೇ ಕಡಿದುಹೋದರೆ ಮೋಟಾರು ತಾನಾಗಿ ನಿಲ್ಲುವಂತೆಯೂ ಹೊಂದಿಸಿದೆವು. ಪಂಕವನ್ನು ಬಿಚ್ಚಿಟ್ಟು, ಮೋಟಾರನ್ನು ತಿರುಗಿಸಿ, ರೇಡಿಯೋವನ್ನು ಆರಿಸಿ ಪರೀಕ್ಷಿಸಿದ್ದಾಯಿತು. ನಿಮ್ಮ ಮಕ್ಕಳು ಇಂಥ ಹವ್ಯಾಸಕ್ಕೆ ಇಳಿದಿದ್ದರೆ ದಯವಿಟ್ಟು ಇದನ್ನೊಂದು ತಪ್ಪದೆ ಮಾಡಿಸಿ. ಹಾಗೆಯೇ ಹಾರಿಸುವ ಮುನ್ನ ವಿಮಾನದ ಹಿಂದೆ ನಿಂತು, ಸ್ಟಿಕ್ ಹಿಂದಕ್ಕೆಳೆದರೆ ಎರಡೂ ಹಲಗೆ ಮೇಲೆ, ಬಲಕ್ಕೆ ವಾಲಿಸಿದರೆ ಬಲದ್ದು ಮೇಲೆ ಎಂಬುದನ್ನು ಸ್ವಿಚ್ಚುಗಳ ಪ್ರತಿಯೊಂದು ಸ್ಥಿತಿಯಲ್ಲಿಯೂ ನೋಡತಕ್ಕದ್ದು. ಒಂದೇ ಸ್ಥಿತಿಯಲ್ಲಿ ನೋಡಿದ್ದರ ಫಲವನ್ನು ಮೇಲೆ ಬರೆದಿದ್ದೇನೆ.

ಸೈನೈಡ್ ದಿಬ್ಬದ ಬಳಿ ಜಾಗ ವಿಶಾಲವಾಗಿದ್ದರೂ ಅಲ್ಲಿನ ಧೂಳು ಒಳ್ಳೆಯದಲ್ಲವಾದುದರಿಂದ ಬೇಡವೆಂದೆ. ಬಂಗಾರಪೇಟೆ ರಸ್ತೆಯ ಕಡೆಯ ಬಯಲೊಂದರಲ್ಲಿ, ರಾಗಿ ಕೊಯ್ಲಾದ ಮೇಲೆ, ಬೆಳಗ್ಗೆ ಏಳಕ್ಕೆ ಹಾರಿಸಿದೆವು. ಭಾನುವಾರವಾದ್ದರಿಂದ ತಂದೆಯೂ ಬಂದಿದ್ದ. ವಿಮಾನ ಆರು ನಿಮಿಷ ಹಾರಿತು. ನಡುವೆ ಹುಡುಗ “ಸ್ವಿಚ್ ಹಾಕ್ತೀನಿ ಸಾರ್” ಎಂದು ಗಟ್ಟಿಯಾಗಿ ಹೇಳಿಯೇ ಕೆಳಗೆ ಮಾಡಿದ. ಎಡಕ್ಕೆಂದರೆ ಎಡಕ್ಕೇ ತಿರುಗಿತು. ತಂದೆ ಏನೂ ಮಾತನಾಡಲಿಲ್ಲ. ಇಳಿದ ಮೇಲೆ ವಿಮಾನವನ್ನು ತಾನೇ ಓಡಿಹೋಗಿ ಎತ್ತಿಕೊಂಡು ಬಂದ.

ಈಗ ಇನ್ನೊಂದು ಸಮಸ್ಯೆ ತಲೆದೋರಿದೆ. ಮೋಟಾರಿನ ವೇಗ ಹೆಚ್ಚಿಸಿದಾಗ ಮೂಗು ತುಸು ತಗ್ಗುತ್ತದೆ. ಮೋಟಾರಿನ ಸಂಖ್ಯೆಯಲ್ಲಿ ಒಂದಂಶವನ್ನು ಎರಡೂ ಹಲಗೆಗಳಿಗೆ ಕೂಡಿಸಿದರೆ ಸರಿಹೋಗಬೇಕು. ಆದರೆ ಮೋಟಾರಿನ ಸಂಖ್ಯೆ ಸೊನ್ನೆಯಿಂದಲ್ಲ, −100ರಿಂದ ಆರಂಭವಾಗುತ್ತದಾದ್ದರಿಂದ ಮೋಟಾರು ನಿಂತಾಗ ಹಲಗೆಗಳು ಕೆಳಗೆ ಎಳೆಯಲ್ಪಡುತ್ತವೆ. ಇದನ್ನು ಹುಡುಗ ತಾನೇ ಗುರುತಿಸಿ, ಮೊದಲು 100 ಕೂಡಿಸಿ ಆಮೇಲೆ ಗುಣಿಸಬೇಕೆಂದು ಕಾಗದದಲ್ಲಿ ಆವರಣ ಹಾಕಿ ಬರೆದುಕೊಂಡು ಬಂದಿದ್ದಾನೆ. ಎಷ್ಟು ಪ್ರತಿಶತವೆಂಬುದನ್ನು ಬರುವ ಭಾನುವಾರ, ಗಾಳಿಯಿಲ್ಲದಿದ್ದರೆ, ನೋಡಬೇಕು.