ತಂಡದ ಹೆಸರಿನಲ್ಲಿ ಊರು ಇರಬೇಕು

ಮೊದಲು ನಮ್ಮದೊಂದು ತಪ್ಪು ಒಪ್ಪಿಕೊಂಡು ಮುಂದೆ ಹೋಗುತ್ತೇವೆ.

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಯಿತು. ರಾತ್ರಿ ಎರಡು ಗಂಟೆಯವರೆಗೆ ಕೂತು ನೋಡಿದೆವು, ಗೆದ್ದ ಹುಡುಗರ ಫೋಟೊ ತೆಗೆದೆವು, ಬೆಳಿಗ್ಗೆ ಸುದ್ದಿ ಕಳಿಸಿದೆವು. ಹುಡುಗರ ಜರ್ಸಿಯ ಮೇಲೆ ಅದನ್ನು ಹೊಲಿಸಿಕೊಟ್ಟ ಸೈಟ್ ವ್ಯಾಪಾರದವರ ಹೆಸರು ದೊಡ್ಡದಾಗಿತ್ತು. ನಿದ್ದೆಗಣ್ಣಿನಲ್ಲಿ ನಾವು ಅದನ್ನೇ ತಂಡದ ಹೆಸರು ಎಂದು ಬರೆದೆವು. ಸಿಂಗಲ್ ಕಾಲಂ ಸುದ್ದಿ. ಗೆದ್ದವರ ಊರಿನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ.

ಪೇಪರ್ ಬಂದ ದಿನ ಒಬ್ಬ ಹುಡುಗನ ತಂದೆ ಫೋನ್ ಮಾಡಿದರು. "ನಾಕ ಪೇಪರ್ ತಗೊಂಡಿದ್ದೆ ರೀ ಸರ. ನಮ್ಮೂರ ಹೆಸರ ಹುಡುಕಿದೆ, ಹುಡುಕಿದೆ, ಸಿಗಲಿಲ್ಲ" ಅಂದರು. ಅಷ್ಟೇ. ಬೈದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು.

ಅದೇ ವಾರ ಒಂದು ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಕೊನೆಯ ಬಸ್ಸಿಗೆ ಕಾಯುತ್ತ ಫೋನಿನಲ್ಲಿ ಫುಟ್‌ಬಾಲ್ ಫಲಿತಾಂಶ ನೋಡುತ್ತಿದ್ದೆವು. 2022ರ ವಿಶ್ವಕಪ್‌ನಲ್ಲಿ ಜಪಾನ್ ತಂಡ ಜರ್ಮನಿಯನ್ನೂ ಸ್ಪೇನನ್ನೂ ಸೋಲಿಸಿದಾಗಿನಿಂದ ಆ ದೇಶದ ಆಟದ ಮೇಲೆ ನಮಗೆ ಒಂದು ಕಣ್ಣು. ಪಟ್ಟಿಯಲ್ಲಿ 'ಕ್ಯೋಟೊ ಸಾಂಗಾ' ಅಂತ ಒಂದು ಹೆಸರು ಕಂಡಿತು. ಸಾಂಗಾ ಅಂದರೆ ನಮ್ಮ ಸಂಘವೇ ಏನು ಅಂತ ನಗುತ್ತ ಹುಡುಕಿದೆವು. ನೋಡಿದರೆ ಹೌದು, ಅದೇ ಸಂಘ!

ಕ್ಯೋಟೊ ಜಪಾನಿನ ಹಳೆಯ ರಾಜಧಾನಿ. ಬೌದ್ಧ ದೇವಾಲಯಗಳು ತುಂಬಿದ ಊರು. ಬುದ್ಧನ ಭಿಕ್ಷುಗಳ ಕೂಟಕ್ಕೆ ಇದ್ದ ಹೆಸರು ಸಂಘ. ಬೌದ್ಧ ಧರ್ಮದ ಜೊತೆ ಆ ಪದ ನಮ್ಮ ನೆಲದಿಂದ ಚೀನಾ ದಾಟಿ ಜಪಾನಿಗೆ ಹೋಯಿತು. 1994ರಲ್ಲಿ ಅಲ್ಲಿನ ಹಳೆಯ ಕ್ಲಬ್ಬಿಗೆ ಹೊಸ ಹೆಸರು ಇಡುವಾಗ ಈ ಪದವನ್ನು ಆರಿಸಿದರು. ಹಾಲಿನ ಸಂಘ, ಸ್ತ್ರೀಶಕ್ತಿ ಸಂಘ, ಯುವಕ ಸಂಘ ಅಂತ ನಾವು ದಿನಾ ಬಾಯಲ್ಲಿ ಆಡುವ ಮಾತು ಅಲ್ಲಿ ಫುಟ್‌ಬಾಲ್ ತಂಡದ ಹೆಸರಾಗಿದೆ.

ಬಸ್ಸು ಬಂತು. ಮನೆಗೆ ಹೋದ ಮೇಲೂ ಓದು ಬಿಡಲಿಲ್ಲ. ಒಂದೊಂದು ತಂಡದ ಹೆಸರು ಬಿಡಿಸಿದಂತೆ ಒಂದೊಂದು ಊರು ಹೊರಗೆ ಬಂತು. ನಮ್ಮ ತಪ್ಪು ಎಷ್ಟು ದೊಡ್ಡದು ಅಂತ ಗೊತ್ತಾಗಿದ್ದು ಹಾಗೆ.

ಜಪಾನಿನಲ್ಲೂ ಮೊದಲು ತಂಡಗಳು ಕಂಪನಿಗಳದ್ದೇ ಆಗಿದ್ದವು. 1965ರಲ್ಲಿ ಶುರುವಾದ ರಾಷ್ಟ್ರೀಯ ಲೀಗಿನಲ್ಲಿ ಆಡುತ್ತಿದ್ದುದು ಮಿತ್ಸುಬಿಷಿ, ಫುರುಕಾವಾ ಎಲೆಕ್ಟ್ರಿಕ್, ಮುಂದೆ ಮಜ್ದಾ ಆದ ಕಾರ್ ಕಂಪನಿ, ಇಂಥವರ ತಂಡಗಳು. ಆಟಗಾರರು ಕಂಪನಿಯ ನೌಕರರು, ನೋಡುವವರಲ್ಲೂ ಹೆಚ್ಚಿನವರು ನೌಕರರೇ. ಆ ದೇಶದ ಬೇಸ್‌ಬಾಲ್‌ನಲ್ಲಿ ಇವತ್ತಿಗೂ ಹಾಗೇ ಇದೆ. ಅಲ್ಲಿ ಪತ್ರಿಕೆಯ ಹೆಸರಿನ ತಂಡವಿದೆ, ರೈಲು ಕಂಪನಿಯ ಹೆಸರಿನ ತಂಡವಿದೆ, ಮಾಂಸ ಮಾರುವ ಕಂಪನಿಯ ಹೆಸರಿನದೂ ಇದೆ.

1991ರಲ್ಲಿ ಜೆ ಲೀಗ್ ಎಂಬ ಹೊಸ ವೃತ್ತಿಪರ ಲೀಗ್ ಸ್ಥಾಪನೆಯಾಯಿತು. ಅದರ ಮೊದಲ ಮುಖ್ಯಸ್ಥ ಸಬುರೊ ಕವಾಬುಚಿ. ಸ್ವತಃ ಫುರುಕಾವಾ ತಂಡದಲ್ಲಿ ಆಡಿದವರು. ಅವರ ಲೀಗ್ ಒಂದು ಗಟ್ಟಿ ನಿಯಮ ತಂದಿತು. ದುಡ್ಡು ಕೊಡುವ ಕಂಪನಿ ತನ್ನ ಹೆಸರನ್ನು ಜರ್ಸಿಯ ಎದೆಯ ಮೇಲೆ ಹಾಕಿಕೊಳ್ಳಲಿ. ಕ್ಲಬ್ಬಿನ ಹೆಸರಿನಲ್ಲಿ ಮಾತ್ರ ಊರು ಇರಬೇಕು, ಅದರ ಜೊತೆ ಒಂದು ಅಡ್ಡಹೆಸರು ಇರಬೇಕು. 1993ರ ಮೇ 15ರಂದು ಟೋಕಿಯೋದಲ್ಲಿ ಮೊದಲ ಪಂದ್ಯ ನಡೆದಾಗ 59,626 ಜನ ಬಂದಿದ್ದರು. ಮೊದಲ ವರ್ಷ ಇದ್ದದ್ದು 10 ತಂಡ. ಈಗ ಮೂರು ಹಂತ ಸೇರಿ 60.

ಅಡ್ಡಹೆಸರು ಇಡುವಾಗ ಪ್ರತಿ ಊರಿನವರೂ ತಮ್ಮಲ್ಲಿ ಏನಿದೆ ಅಂತ ಹುಡುಕಿಕೊಂಡರು. ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್, ಎಲ್ಲಿಂದ ಬೇಕಾದರೂ ಪದ ಕಡ ತಂದರು. ಒಳಗೆ ಇಟ್ಟದ್ದು ಮಾತ್ರ ತಮ್ಮ ಊರನ್ನೇ.

ಹಿರೋಷಿಮಾದ ತಂಡ 'ಸಾನ್‌ಫ್ರೆಚೆ'. ಜಪಾನಿ ಭಾಷೆಯಲ್ಲಿ 'ಸಾನ್' ಅಂದರೆ ಮೂರು, ಇಟಾಲಿಯನ್‌ನಲ್ಲಿ 'ಫ್ರೆಚೆ' ಅಂದರೆ ಬಾಣಗಳು. 16ನೇ ಶತಮಾನದಲ್ಲಿ ಆ ಭಾಗವನ್ನು ಆಳಿದ ಮೋರಿ ಮೊಟೊನಾರಿ ತನ್ನ ಮೂವರು ಮಕ್ಕಳಿಗೆ ಒಂದೊಂದು ಬಾಣ ಕೊಟ್ಟು ಮುರಿಯಲು ಹೇಳಿದನಂತೆ. ಮುರಿದರು. ಮೂರನ್ನೂ ಒಟ್ಟಿಗೆ ಹಿಡಿದಾಗ ಯಾರಿಂದಲೂ ಆಗಲಿಲ್ಲ. ನಮ್ಮಲ್ಲಿ ಇದೇ ಕಥೆಯನ್ನು ಮುದುಕ ತಂದೆ ಮತ್ತು ಕಟ್ಟಿಗೆ ಹೊರೆ ಅಂತ ಶಾಲೆಯಲ್ಲಿ ಕೇಳಿದ್ದೇವೆ, ಅಲ್ಲವೇ?

ನಗೋಯಾದ ಕೋಟೆಯ ನೆತ್ತಿಯ ಮೇಲೆ ಬಂಗಾರದ ಎರಡು ವಿಚಿತ್ರ ಮೀನುಗಳಿವೆ, ತಲೆ ಹುಲಿಯದು, ಮೈ ಮೀನಿನದು. ಅವುಗಳಿಗೆ ಜಪಾನಿ ಭಾಷೆಯಲ್ಲಿ ಇರುವ ಹೆಸರೇ ಒಂದು ಜಾತಿಯ ತಿಮಿಂಗಿಲಕ್ಕೂ ಇದೆ. ಆ ತಿಮಿಂಗಿಲದ ಇಂಗ್ಲಿಷ್ ಹೆಸರು ಹಿಡಿದು ತಂಡ 'ಗ್ರಾಂಪಸ್' ಆಯಿತು.

ಒಸಾಕಾದ ಒಂದು ತಂಡ 'ಗಾಂಬಾ'. ಇಟಾಲಿಯನ್‌ನಲ್ಲಿ ಕಾಲು ಅಂತ ಅರ್ಥ. ಜಪಾನಿನವರು ಕಷ್ಟಪಟ್ಟು ಪ್ರಯತ್ನ ಮಾಡುವುದಕ್ಕೆ 'ಗಾಂಬಾರು' ಅನ್ನುತ್ತಾರೆ. ಒಂದೇ ಪದದಲ್ಲಿ ಕಾಲೂ ಬಂತು, ಛಲವೂ ಬಂತು.

ಉತ್ತರದ ಹೊಕ್ಕೈಡೊ ದ್ವೀಪದಲ್ಲಿ ಹುಟ್ಟಿದವರಿಗೆ 'ದೊಸಾನ್ಕೊ' ಅನ್ನುತ್ತಾರೆ. ಅದನ್ನು ತಿರುವಿ ಹಾಕಿದರೆ 'ಕೊನ್ಸಾದೊ'. ಅದಕ್ಕೆ ಸ್ಪ್ಯಾನಿಷ್ ಜನ ಹುರಿದುಂಬಿಸುವಾಗ ಕೂಗುವ 'ಓಲೆ' ಸೇರಿಸಿ ಸಪೊರೊ ಊರಿನವರು 'ಕೊನ್ಸಾದೊಲೆ' ಮಾಡಿಕೊಂಡರು. ಈ ತಂಡ 1996ರವರೆಗೆ ದೂರದ ಕವಾಸಾಕಿಯಲ್ಲಿದ್ದ ತೊಷಿಬಾ ಕಂಪನಿಯ ತಂಡ. ಊರು ಬದಲಾಯಿತು, ಹೆಸರು ಆ ಊರಿನದೇ ಆಯಿತು.

ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಾಶಿಮಾ. ಸಮುದ್ರದ ದಂಡೆಯ ಸಣ್ಣ ಪಟ್ಟಣ. ಅಲ್ಲಿದ್ದುದು ಉಕ್ಕಿನ ಕಾರ್ಖಾನೆಯ ಎರಡನೇ ದರ್ಜೆಯ ತಂಡ. ಜೆ ಲೀಗ್‌ಗೆ ಸೇರುತ್ತೇವೆ ಅಂದಾಗ ಹೆಚ್ಚುಕಡಿಮೆ ಅಸಾಧ್ಯ, ಮಾಡು ಇರುವ 15,000 ಆಸನದ ಮೈದಾನ ಕಟ್ಟಿದರೆ ಮಾತ್ರ ನೋಡೋಣ ಅಂದರು. ಅವರು ಕಟ್ಟಿಬಿಟ್ಟರು. ಕಾಶಿಮಾ ಎಂಬ ಹೆಸರಿನ ಅರ್ಥ ಜಿಂಕೆಗಳ ದ್ವೀಪ. ಊರಿನ ಹಳೆಯ ದೇಗುಲದಲ್ಲಿ ಇಂದಿಗೂ ಜಿಂಕೆ ಸಾಕುತ್ತಾರೆ. ಅದಕ್ಕೇ ತಂಡದ ಹೆಸರು 'ಆಂಟ್ಲರ್ಸ್', ಜಿಂಕೆಯ ಕೊಂಬುಗಳು. 2016ರ ಹೊತ್ತಿಗೆ ಈ ಸಣ್ಣ ಊರು ಎಂಟು ಸಲ ಲೀಗ್ ಗೆದ್ದಿತ್ತು. ಅದೇ ವರ್ಷ ಕ್ಲಬ್ ವಿಶ್ವಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಹೆಚ್ಚುವರಿ ಸಮಯದವರೆಗೆ ಎಳೆದು ಸೋತಿತು.

ಕಂಪನಿಗಳು ಸುಮ್ಮನೆ ಬಿಟ್ಟುಕೊಟ್ಟವು ಅಂದುಕೊಳ್ಳಬೇಡಿ. ಮಿತ್ಸುಬಿಷಿಯ ಗುರುತು ಮೂರು ಕೆಂಪು ವಜ್ರ. ಅದರ ತಂಡ 'ಉರಾವಾ ರೆಡ್ ಡೈಮಂಡ್ಸ್' ಆಯಿತು, ಅಂದರೆ ಕೆಂಪು ವಜ್ರಗಳು! ಯೊಮಿಯುರಿ ಎಂಬ ದೊಡ್ಡ ಪತ್ರಿಕೆಗೂ ಒಂದು ತಂಡವಿತ್ತು. ಪೋರ್ಚುಗೀಸ್‌ನ 'ಹಸಿರು' ಪದದಿಂದ ಬಂದ 'ವೆರ್ಡಿ' ಅದರ ಅಡ್ಡಹೆಸರು. ಲೀಗ್ ಅದನ್ನು ಊರಿನ ಹೆಸರಿನಿಂದ 'ವೆರ್ಡಿ ಕವಾಸಾಕಿ' ಎಂದು ಕರೆದರೆ, ಪತ್ರಿಕೆ ತನ್ನ ಸುದ್ದಿಗಳಲ್ಲಿ ಮೊದಮೊದಲು 'ಯೊಮಿಯುರಿ ವೆರ್ಡಿ' ಎಂದೇ ಬರೆಯಿತು. ಪತ್ರಿಕೆಯ ಮುಖ್ಯಸ್ಥರಿಗೂ ಕವಾಬುಚಿ ಅವರಿಗೂ ಬಹಿರಂಗವಾಗಿಯೇ ಜಗಳ ನಡೆಯಿತು. ಇದನ್ನು ಓದುವಾಗ ನಮ್ಮ ಮುಖ ಬಿಸಿಯಾಯಿತು. ಅವರು ಬೇಕೆಂದು ಮಾಡಿದ್ದನ್ನು ನಾವು ನಿದ್ದೆಗಣ್ಣಿನಲ್ಲಿ ಮಾಡಿದ್ದೆವು.

ಹೆಸರು ಹೋದರೆ ಏನು ಹೋಗುತ್ತದೆ? ಯೊಕೊಹಾಮಾದವರನ್ನು ಕೇಳಬೇಕು.

ಆ ಬಂದರು ನಗರದಲ್ಲಿ ಎರಡು ತಂಡ ಇದ್ದವು. ಒಂದು 'ಮರಿನೋಸ್', ಅಂದರೆ ನಾವಿಕರು. ಇನ್ನೊಂದು ವಿಮಾನ ಕಂಪನಿಯ ತಂಡದಿಂದ ಹುಟ್ಟಿದ 'ಫ್ಲೂಗೆಲ್ಸ್'. ಜರ್ಮನ್ ಭಾಷೆಯ ರೆಕ್ಕೆ ಎಂಬ ಪದದಿಂದ ಬಂದದ್ದು. 1998ರಲ್ಲಿ ಫ್ಲೂಗೆಲ್ಸ್‌ಗೆ ದುಡ್ಡು ಕೊಡುತ್ತಿದ್ದ ಕಟ್ಟಡ ಕಂಪನಿ ನಷ್ಟಕ್ಕೆ ಸಿಕ್ಕಿ ಕೈಬಿಟ್ಟಿತು. ಒಬ್ಬರೇ ನಡೆಸಲಾರೆವು ಎಂದು ವಿಮಾನ ಕಂಪನಿ ತಂಡವನ್ನು ಎದುರಾಳಿ ಮರಿನೋಸ್ ಜೊತೆ ವಿಲೀನ ಮಾಡಲು ಒಪ್ಪಿತು. ಅಕ್ಟೋಬರ್ ಕೊನೆಯಲ್ಲಿ ಸುದ್ದಿ ಹೊರಬಿತ್ತು. ಅಭಿಮಾನಿಗಳು ಬೀದಿಯಲ್ಲಿ ನಿಂತು ಸಹಿ ಸಂಗ್ರಹಿಸಿದರು, ಹಣ ಕೂಡಿಸಿದರು. ತೀರ್ಮಾನ ಬದಲಾಗಲಿಲ್ಲ.

ಆಟಗಾರರು ಮಾತ್ರ ಸುದ್ದಿ ಬಂದ ಮೇಲೆ ಒಂದು ಪಂದ್ಯವನ್ನೂ ಸೋಲಲಿಲ್ಲ. ಚಕ್ರವರ್ತಿ ಕಪ್ ಎಂಬ ದೇಶದ ಹಳೆಯ ಟೂರ್ನಿಯಲ್ಲಿ ಸೋತರೆ ಹೊರಗೆ, ಅಂದರೆ ಸೋತ ದಿನವೇ ತಂಡದ ಕೊನೆ ದಿನ. ಗೆಲ್ಲುತ್ತಲೇ ಹೋದರು. 1999ರ ಜನವರಿ 1ರಂದು ಫೈನಲ್‌ನಲ್ಲಿ ಶಿಮಿಜು ಎಸ್-ಪಲ್ಸ್ ತಂಡವನ್ನು 2-1ರಿಂದ ಸೋಲಿಸಿ ಕಪ್ ಎತ್ತಿದರು. ಆಮೇಲೆ ಆ ತಂಡ ಇರಲಿಲ್ಲ. ಮರಿನೋಸ್ ಹೆಸರಿನ ಮುಂದೆ 'ಎಫ್' ಅಂತ ಒಂದು ಅಕ್ಷರ ಉಳಿಯಿತು.

ಒಂದಕ್ಷರ ಸಾಲದು ಅಂದ ಅಭಿಮಾನಿಗಳು ತಾವೇ ಹಣ ಹಾಕಿ ಹೊಸ ಕ್ಲಬ್ ಕಟ್ಟಿದರು. ಹಳೆಯ ಹೆಸರು ಅವರಿಗೆ ಸಿಗಲಿಲ್ಲ. ಊರಿನ ಹೆಸರನ್ನೇ ಇಟ್ಟರು, 'ಯೊಕೊಹಾಮಾ ಎಫ್‌ಸಿ'. ಕೆಳಗಿನ ಲೀಗಿನಿಂದ ಒಂದೊಂದೇ ಮೆಟ್ಟಿಲು ಹತ್ತಿ 2007ರಲ್ಲಿ ಮೇಲಿನ ದರ್ಜೆಗೆ ಬಂದರು. ಆ ವರ್ಷ ಅದೇ ಮರಿನೋಸ್ ತಂಡವನ್ನು 1-0ಯಿಂದ ಸೋಲಿಸಿದರು.

ಹೀಗೆ ಮತ್ತೆ ಎದ್ದ ಊರು ಇನ್ನೊಂದಿದೆ. ದಕ್ಷಿಣದ ಸಾಗಾ ಪ್ರಾಂತ್ಯದ ತೊಸು ಪಟ್ಟಣದ ತಂಡ 1997ರಲ್ಲಿ ಮುಚ್ಚಿಹೋಯಿತು. ಊರಿನವರು ಕೂಡಲೇ ಹೊಸ ತಂಡ ಮಾಡಿ 'ಸಾಗನ್' ಅಂತ ಕರೆದರು. ಸಾಗನ್ ಅಂದರೆ ಮರಳುಗಲ್ಲು. ಸಣ್ಣ ಮರಳಿನ ಕಣಗಳು ಕೂಡಿ ಕಲ್ಲಾಗುತ್ತವಲ್ಲ, ಹಾಗೆ. ಅಲ್ಲಿನ ಆಡುಮಾತಿನಲ್ಲಿ 'ಸಾಗಾದ' ಅಂತಲೂ ಅದು ಕೇಳಿಸುತ್ತದೆ.

ಹೆಸರಿಗೆ ರಾಜರೂ ಕೋಟೆಯೂ ಬೇಕೇಬೇಕು ಅಂತಿಲ್ಲ. ಮತ್ಸುಮೊಟೊ ಊರಿನ ತಂಡದ ಹೆಸರು 'ಯಾಮಾಗಾ'. ಅದು ರೈಲು ನಿಲ್ದಾಣದ ಹತ್ತಿರ ಇದ್ದ ಒಂದು ಕಾಫಿ ಅಂಗಡಿಯ ಹೆಸರು! 1965ರಲ್ಲಿ ಅಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ಆಟದ ಹುಚ್ಚಿನವರು ಕಟ್ಟಿದ ತಂಡ 50 ವರ್ಷದ ನಂತರ, 2015ರಲ್ಲಿ ಮೇಲಿನ ದರ್ಜೆಯಲ್ಲಿ ಆಡಿತು. ಸಾನುಕಿ ಎಂಬ ಕಡೆಯವರು ತಮ್ಮ ಹೆಸರಾಂತ ಊಟ, ಬಿಸಿ ಶಾವಿಗೆಗೆ ಮೊಟ್ಟೆ ಒಡೆದು ಕಲಸುವ 'ಕಾಮಾತಾಮಾ'ವನ್ನೇ ತಂಡದ ಹೆಸರಿಗೆ ಸೇರಿಸಿಕೊಂಡಿದ್ದಾರೆ. ನಮ್ಮ ಕಡೆ ಯಾರಾದರೂ ತಂಡಕ್ಕೆ ಗಿರಮಿಟ್ ಅಂತ ಹೆಸರಿಟ್ಟರೆ ನಾವು ನಗುತ್ತೇವೆ. ಅವರು ಎದೆಯುಬ್ಬಿಸಿ ಹೇಳುತ್ತಾರೆ.

ಈ ಜಗಳ ಮುಗಿದಿಲ್ಲ. 2024ರಲ್ಲಿ ತಂಪು ಪಾನೀಯದ ಒಂದು ವಿದೇಶಿ ಕಂಪನಿ ಒಮಿಯಾ ಊರಿನ ಕ್ಲಬ್ಬನ್ನು ಕೊಂಡಿತು. ಆ ತಂಡದ ಹೆಸರು 'ಅರ್ದಿಜಾ', ಅಳಿಲಿನ ಸ್ಪ್ಯಾನಿಷ್ ಹೆಸರಿನಿಂದ ಬಂದದ್ದು. ಈಗ ಅದರ ಮುಂದೆ 'ಆರ್‌ಬಿ' ಎಂಬ ಎರಡು ಅಕ್ಷರ ಸೇರಿದೆ. ಊರು ಉಳಿದಿದೆ, ಅಳಿಲೂ ಉಳಿದಿದೆ, ಕಂಪನಿ ಮಾತ್ರ ಎಲ್ಲರಿಗಿಂತ ಮುಂದೆ ಬಂದು ನಿಂತಿದೆ.

ಇಷ್ಟೆಲ್ಲ ಓದಿ ಈ ಬೇಸಿಗೆಯಲ್ಲಿ ಮತ್ತೆ ಅದೇ ಹಳ್ಳಿಯ ಪಂದ್ಯಾವಳಿಗೆ ಹೋದೆವು. ಹುಡುಗರ ಹತ್ತಿರ ಹೋದ ವರ್ಷದ ತಪ್ಪಿನ ಮಾತು ತೆಗೆದೆವು. ಅವರ ನಾಯಕ ತಲೆ ಕೆರೆದುಕೊಂಡು, "ಅಣ್ಣಾ, ಊರ ಹೆಸರ ಹಾಕ್ರಿ. ಆದ್ರ ಅವರ ಹೆಸರ ಪೂರ್ತಿ ಬಿಡಬ್ಯಾಡ್ರಿ. ಮುಂದಿನ ವರ್ಷ ಅಂಗಿ ಯಾರ ಕೊಡಸ್ತಾರ?" ಅಂದ.

ಅವನ ಮಾತೂ ಸರಿ. ದುಡ್ಡು ಕೊಡುವವರು ಕೈಬಿಟ್ಟಾಗ ಫ್ಲೂಗೆಲ್ಸ್ ಏನಾಯಿತು ಅಂತ ಈಗಷ್ಟೇ ಹೇಳಿದೆವು. ಅದಕ್ಕೇ ನಮಗೆ ಜಪಾನಿನವರ ಲೆಕ್ಕವೇ ಒಪ್ಪಿಗೆಯಾಯಿತು. ಅಂಗಿಯ ಮೇಲೆ ಕೊಡಿಸಿದವರ ಹೆಸರು, ತಂಡಕ್ಕೆ ಊರಿನ ಹೆಸರು.

ಈ ಸಲ ಹುಡುಗರು ಸೆಮಿಫೈನಲ್‌ನಲ್ಲಿ ಸೋತರು. ಆದರೂ ಸುದ್ದಿ ಬರೆದೆವು. ಊರಿನ ಹೆಸರನ್ನು ಮೊದಲ ಸಾಲಿನಲ್ಲೇ ಇಟ್ಟೆವು, ಅಂಗಿ ಕೊಡಿಸಿದವರನ್ನು ಕೊನೆಯ ಸಾಲಿಗೆ ಹಾಕಿದೆವು. ಜಾಗ ಸಾಲದೆ ಡೆಸ್ಕಿನವರು ಕೊನೆಯ ಎರಡು ಸಾಲು ಕತ್ತರಿಸಿದರು. ಮೊದಲ ಸಾಲು ಉಳಿಯಿತು. ಅಂಗಿಯವರಿಗೆ ನಾವೇ ಹೋಗಿ ಸಮಾಧಾನ ಹೇಳಬೇಕಾಯಿತು. ಹೇಳಿ ಬಂದೆವು.

ನಿಮ್ಮೂರಿನ ತಂಡದ ಹೆಸರೇನು? ಯಾರಿಟ್ಟರು, ಯಾಕಿಟ್ಟರು? ಇವತ್ತು ಸಂಜೆ ಕಟ್ಟೆಯ ಮೇಲೆ ಹಿರಿಯರು ಸಿಕ್ಕರೆ ಕೇಳಿ ನೋಡಿ.